ಮರ ಎಳೆಯುವ ಚೈನ್ ಡೋಜರ್, ಸ್ಕಿಡ್ಡರ್: ಲೋಬೆಡ್ ಹತ್ತಿಸುವ ಮೊದಲು ನೋಡಬೇಕಾದ್ದು

ಬೆಂಗಳೂರಿನ ಯಾರ್ಡಿನಲ್ಲಿ ನಿಂತ ಡೋಜರ್‌ಗೆ ಒಂದು ಸೀಲ್ ಬದಲಿಸುವುದು ಹೆಚ್ಚೆಂದರೆ ಒಂದೆರಡು ದಿನದ ಕೆಲಸ. ಪೀಣ್ಯದಲ್ಲಿ ಲೇತ್, ಪ್ರೆಸ್ ಎಲ್ಲ ಇದೆ. ಬೇರಿಂಗು, ಬೋಲ್ಟು ಬೇಕೆಂದರೆ ಜೆ.ಸಿ. ರಸ್ತೆ, ಎಸ್.ಜೆ.ಪಿ. ರಸ್ತೆ ಸುತ್ತಿದರೆ ಸಿಗುತ್ತದೆ. ಫೋನ್ ಮಾಡಿದರೆ ಕ್ರೇನ್ ಬರುತ್ತದೆ. ಅದೇ ಸೀಲ್ ಸಕಲೇಶಪುರದ ಆಚೆ, ಸಿಲ್ವರ್ ಓಕ್ ಕಡಿಯುತ್ತಿರುವ ಇಳಿಜಾರಿನಲ್ಲಿ ಹೋದರೆ ವಾರ ಹೋಯಿತೆಂದೇ ಲೆಕ್ಕ. ಅಲ್ಲಿಗೆ ಕ್ರೇನ್ ಇಳಿಯುವುದಿಲ್ಲ, ಜಾಕ್ ಇಟ್ಟರೆ ಮಣ್ಣಿನೊಳಗೆ ಹೂತುಹೋಗುತ್ತದೆ, ಕಡಿದ ನಾಟ ಬಿದ್ದಲ್ಲೇ ಬಿದ್ದಿರುತ್ತದೆ, ಕೂಲಿ ಮಾತ್ರ ಓಡುತ್ತಿರುತ್ತದೆ. ಹಾಗಾಗಿ ಮರದ ಕೆಲಸಕ್ಕೆ ಹೋಗುವ ಯಂತ್ರದ ಭರವಸೆ ನಿರ್ಧಾರವಾಗುವುದು ಕಾಡಿನಲ್ಲಲ್ಲ, ಯಾರ್ಡಿನಲ್ಲಿ, ಯಂತ್ರ ಸಾಗಿಸುವ ತಗ್ಗು ಟ್ರೇಲರಿಗೆ, ಅಂದರೆ ಲೋಬೆಡ್ಡಿಗೆ, ಹತ್ತಿಸುವ ಮೊದಲೇ.

ಹಳೆ ಯಂತ್ರ ಕೊಂಡವರು ಮೊದಲು ದುಡ್ಡು ಸುರಿಯುವುದು ಎಂಜಿನ್ ಓವರ್‌ಹಾಲಿಗೆ. ಇದು ಬಹುತೇಕ ತಪ್ಪು ಲೆಕ್ಕ. ಮರದ ಕೆಲಸದಲ್ಲಿ ಯಂತ್ರವನ್ನು ನಿಲ್ಲಿಸುವುದು ಹೆಚ್ಚಾಗಿ ಚೈನ್, ಫೈನಲ್ ಡ್ರೈವಿನ (ಚೈನಿನ ಹಲ್ಲುಚಕ್ರ ತಿರುಗಿಸುವ ಕೊನೆಯ ಗೇರ್ ಪೆಟ್ಟಿಗೆಯ) ಸೀಲ್, ಕಸ ತುಂಬಿದ ರೇಡಿಯೇಟರ್, ಕಿತ್ತುಹೋದ ಹೋಸ್ ಮತ್ತು ರೋಪ್. ಎಂಜಿನ್ ಕೆಡುವ ಮೊದಲು ಹೊಗೆ, ಸದ್ದು, ಆಯಿಲ್ ಖರ್ಚು ಹೀಗೆ ಹಲವು ಸೂಚನೆ ಕೊಡುತ್ತದೆ. ಚೈನ್ ಅಷ್ಟು ಸಭ್ಯವಲ್ಲ.

ನಮ್ಮ ಕಡೆ ಹೆಚ್ಚು ಸಿಗುವುದು ಬಿಇಎಂಎಲ್‌ನ ಡಿ50, ಡಿ80 ಮಾದರಿಗಳು. ಕಂಪನಿ 1964ರಲ್ಲಿ ಶುರುವಾದದ್ದು, ಕೇಂದ್ರ ಕಚೇರಿ ಬೆಂಗಳೂರಿನಲ್ಲಿದೆ, ಡೋಜರ್ ತಯಾರಾಗುವುದು ಕೆಜಿಎಫ್‌ನಲ್ಲಿ. ವಿನ್ಯಾಸದ ಬೇರು ಜಪಾನಿನ ಕೊಮಾಟ್ಸುದು. ಬಿಡಿಭಾಗ ಸುಲಭವಾಗಿ ಸಿಗುವ ಯಂತ್ರವನ್ನೇ ಆರಿಸುವುದು ಭರವಸೆಯ ಅರ್ಧ ಭಾಗ. ಅಪರೂಪದ ಆಮದು ಮಾದರಿ ಅಗ್ಗಕ್ಕೆ ಬಂತೆಂದು ಹಿಗ್ಗುವ ಮೊದಲು ಅದರ ಒಂದು ರೋಲರ್ ಎಷ್ಟು ದಿನಕ್ಕೆ ಬರುತ್ತದೆ ಎಂದು ಕೇಳಿ.

ಚೈನ್: ಕಣ್ಣಿನಿಂದಲ್ಲ, ಟೇಪಿನಿಂದ ನೋಡಿ

ಡೋಜರ್‌ನ ಜೀವಮಾನದ ರಿಪೇರಿ ಖರ್ಚಿನಲ್ಲಿ ದೊಡ್ಡ ಪಾಲು ಕೆಳಗಿನ ಚೈನ್, ಅದು ಓಡುವ ರೋಲರ್, ಮುಂದಿನ ಚಕ್ರ ಐಡ್ಲರ್, ಹಿಂದಿನ ಹಲ್ಲುಚಕ್ರ ಸ್ಪ್ರಾಕೆಟ್‌ಗಳದ್ದು. "ಚೈನ್ ಚೆನ್ನಾಗಿದೆ ಸಾರ್, ಇನ್ನೂ ಒಂದು ಸೀಸನ್ ಓಡುತ್ತೆ" ಎಂಬ ಮಾತನ್ನು ನಂಬಬೇಡಿ. ನೆಲ ಮೆಟ್ಟುವ ಪ್ಲೇಟಿನ ಮೇಲಿನ ಏಣು ಎತ್ತರವಾಗಿದ್ದರೂ ಒಳಗೆ ಕೊಂಡಿ ಜೋಡಿಸುವ ಪಿನ್ ಸವೆದಿರಬಹುದು. ಪಿನ್ನಿನ ಹೊರಮೈ, ಅದರ ಸುತ್ತಲಿನ ಕೊಳವೆಯಾದ ಬುಷ್ಷಿನ ಒಳಮೈ ಒಂದಕ್ಕೊಂದು ಉಜ್ಜಿ ಸವೆದಾಗ ಪ್ರತಿ ಕೊಂಡಿಯೂ ಒಂದಿಷ್ಟು ಉದ್ದವಾಗುತ್ತದೆ. ಚೈನ್ ಹಿಗ್ಗಿದೆ ಎನ್ನುವುದು ಇದಕ್ಕೇ, ಕಬ್ಬಿಣವೇನೂ ಹಿಗ್ಗಿರುವುದಿಲ್ಲ.

ಅಳೆಯುವುದು ಹೀಗೆ. ಯಂತ್ರವನ್ನು ಸಮನೆಲದಲ್ಲಿ ನಿಲ್ಲಿಸಿ, ಸ್ಪ್ರಾಕೆಟ್ ಹಲ್ಲು ಮತ್ತು ಚೈನಿನ ನಡುವೆ ಒಂದು ಹಳೆ ಪಿನ್ ಸಿಕ್ಕಿಸಿ, ನಿಧಾನಕ್ಕೆ ರಿವರ್ಸ್ ಎಳೆದು ಮೇಲಿನ ಚೈನನ್ನು ಬಿಗಿಗೆ ತನ್ನಿ. ಈ ಹೊತ್ತಿನಲ್ಲಿ ಯಾರ ಕೈಯೂ ಚೈನಿನ ಹತ್ತಿರ ಇರಕೂಡದು. ಬ್ರೇಕ್ ಹಾಕಿ, ಎಂಜಿನ್ ಬಂದ್ ಮಾಡಿದ ಮೇಲೆ ಸ್ಟೀಲ್ ಟೇಪ್ ಹಿಡಿದು ಒಂದು ಪಿನ್ನಿನ ಎಡ ಅಂಚಿನಿಂದ ಐದನೇ ಪಿನ್ನಿನ ಎಡ ಅಂಚಿನವರೆಗೆ, ಅಂದರೆ ನಾಲ್ಕು ಕೊಂಡಿ, ಅಳೆಯಿರಿ. ಚೈನ್ ಬಿಚ್ಚಲೆಂದು ಇರುವ ಮಾಸ್ಟರ್ ಪಿನ್ ಈ ನಾಲ್ಕರೊಳಗೆ ಬರದಿರಲಿ. ಡಿ50ಯಲ್ಲಿ ಒಂದು ಕೊಂಡಿಗೆ 175.5 ಮಿ.ಮೀ., ಹೊಸ ಚೈನಿನಲ್ಲಿ ನಾಲ್ಕಕ್ಕೆ 702 ಬರಬೇಕು. ಕೊಂಡಿಗೆ 3 ಮಿ.ಮೀ. ಸವೆದು ಅಳತೆ 714ರ ಹತ್ತಿರ ಬಂದಿದ್ದರೆ ಪಿನ್-ಬುಷ್ ತಿರುಗಿಸುವ ಸಮಯ. ಬೇರೆ ಮಾದರಿಯಾದರೆ ಅದರ ಶಾಪ್ ಮ್ಯಾನ್ಯುಯಲ್ ಹೇಳಿದ್ದೇ ಅಂತಿಮ. ಎರಡೂ ಕಡೆ, ಒಂದೊಂದರಲ್ಲಿ ಎರಡು ಜಾಗದಲ್ಲಿ ಅಳೆಯಿರಿ. ಎಡ-ಬಲ ತುಂಬ ವ್ಯತ್ಯಾಸ ಬಂದರೆ ಯಂತ್ರ ಬಹುಕಾಲ ಒಂದೇ ಕಡೆ ವಾಲಿಕೊಂಡು ದುಡಿದಿದೆ ಎಂದರ್ಥ. ಆಗ ಫ್ರೇಮನ್ನೂ ಟಾರ್ಚ್ ಹಿಡಿದು ನೋಡಿ.

ಪಿನ್-ಬುಷ್ ಸವೆಯುವುದು ಒಂದೇ ಮಗ್ಗುಲಿಗೆ. 180 ಡಿಗ್ರಿ ತಿರುಗಿಸಿ ಪ್ರೆಸ್ ಮಾಡಿದರೆ ಸವೆಯದ ಮುಖ ಕೆಲಸಕ್ಕೆ ಬರುತ್ತದೆ, ಚೈನಿಗೆ ಎರಡನೇ ಆಯಸ್ಸು ಸಿಗುತ್ತದೆ. ಆದರೆ ಬುಷ್ಷಿನ ಗೋಡೆ ತೆಳುವಾಗಿ ಬಿರುಕು ಬಿಟ್ಟ ಮೇಲೆ ತಿರುಗಿಸಿ ಪ್ರಯೋಜನವಿಲ್ಲ. ತಡ ಮಾಡಿದವರಿಗೆ ಉಳಿಯುವುದು ಪೂರ್ತಿ ಹೊಸ ಚೈನ್ ಮಾತ್ರ. ಇನ್ನೊಂದು ವಿಷಯ: ಹಿಗ್ಗಿದ ಚೈನಿಗೆ ಹೊಸ ಸ್ಪ್ರಾಕೆಟ್, ಹೊಸ ಚೈನಿಗೆ ಹಳೆ ಸ್ಪ್ರಾಕೆಟ್, ಎರಡೂ ಕೂಡಿಬರದ ಜೋಡಿಗಳು. ಹಲ್ಲಿನ ಅಂತರಕ್ಕೂ ಕೊಂಡಿಯ ಅಂತರಕ್ಕೂ ತಾಳೆಯಾಗದೆ ಹೊಸದನ್ನು ಹಳೆಯದು ಬೇಗ ತಿಂದುಹಾಕುತ್ತದೆ.

ಒಳಗೆ ಆಯಿಲ್ ತುಂಬಿ ಸೀಲ್ ಮಾಡಿದ ಚೈನ್ ಇದ್ದರೆ, ಅರ್ಧ ಗಂಟೆ ಓಡಿಸಿ ನಿಲ್ಲಿಸಿದ ಕೂಡಲೇ ಒಂದೊಂದು ಪಿನ್ನಿನ ತುದಿಯ ಬಿಸಿಯನ್ನು ಇನ್‌ಫ್ರಾರೆಡ್ ಥರ್ಮಾಮೀಟರಿನಲ್ಲಿ ನೋಡಿ. ಒಂದೇ ಒಂದು ಕೊಂಡಿ ಉಳಿದವಕ್ಕಿಂತ ಸ್ಪಷ್ಟವಾಗಿ ಬಿಸಿ ಇದ್ದರೆ ಅಲ್ಲಿ ಆಯಿಲ್ ಹೋಗಿ ಒಣಗಿದೆ. ಬಣ್ಣದಲ್ಲಿ ಗುರುತು ಹಾಕಿಡಿ. ಕಾಡಿನಲ್ಲಿ ಮೊದಲು ತುಂಡಾಗುವುದು ಅದೇ.

ಬಿಗಿ ಎಷ್ಟಿರಬೇಕು? ಮೇಲಿನ ಕ್ಯಾರಿಯರ್ ರೋಲರಿನಿಂದ ಐಡ್ಲರಿನವರೆಗೆ ನೇರವಾದ ಪಟ್ಟಿ ಇಟ್ಟು, ನಡುವೆ ಚೈನ್ ಎಷ್ಟು ಜೋತಿದೆ ನೋಡಿ. ಕೊಮಾಟ್ಸು ವಿನ್ಯಾಸದವುಗಳಲ್ಲಿ ಸಾಮಾನ್ಯವಾಗಿ 20ರಿಂದ 30 ಮಿ.ಮೀ. ಯಾರ್ಡಿನ ಕಾಂಕ್ರೀಟಿನ ಮೇಲೆ ತೊಳೆದು ಒಣಗಿಸಿ ಈ ಅಳತೆ ಇಟ್ಟು ಕಳಿಸಿದರೆ ಮುಗಿಯಲಿಲ್ಲ. ಕಾಡಿನಲ್ಲಿ ಸ್ಪ್ರಾಕೆಟ್ ಹಲ್ಲಿನ ನಡುವೆ ಕೆಸರು, ತೊಗಟೆ, ಬೇರು ಗಟ್ಟಿಯಾಗಿ ತುಂಬಿಕೊಂಡು ಚೈನ್ ತಂತಾನೇ ತಂತಿಯಂತೆ ಬಿಗಿಯುತ್ತದೆ. ಆದ್ದರಿಂದ ಸೈಟಿಗೆ ಹೋಗಿ ಒಂದೆರಡು ಗಂಟೆ ದುಡಿದ ಮೇಲೆ, ಕೆಸರು ತುಂಬಿದ ಸ್ಥಿತಿಯಲ್ಲೇ, ಮತ್ತೆ ಅಳೆದು ಹೊಂದಿಸಬೇಕು. ಅತಿ ಬಿಗಿಯಾದರೆ ಬುಷ್ಷು, ಹಲ್ಲು, ಡೀಸೆಲ್ ಮೂರೂ ಸವೆಯುತ್ತವೆ. ಅತಿ ಸಡಿಲವಾದರೆ ಇಳಿಜಾರಿನಲ್ಲಿ ತಿರುಗಿಸುವಾಗ ಚೈನ್ ಕಳಚುತ್ತದೆ.

ಬಿಗಿ ಮಾಡಲು ಅಡ್ಜಸ್ಟರ್ ನಿಪ್ಪಲಿಗೆ ಗ್ರೀಸ್ ಗನ್ನಿನಿಂದ ಗ್ರೀಸ್ ಹಾಕಿ, ಯಂತ್ರವನ್ನು ಕೆಲವು ಮೀಟರ್ ಹಿಂದೆ ಮುಂದೆ ಓಡಿಸಿ, ಆಮೇಲೆ ಅಳೆಯಿರಿ. ಸಡಿಲಿಸುವಾಗ ವಾಲ್ವನ್ನು ಒಂದು ಸುತ್ತಿಗಿಂತ ಹೆಚ್ಚು ಬಿಚ್ಚಬಾರದು, ಅದರ ಎದುರು ಮುಖ ಒಡ್ಡಿ ಕೂರಬಾರದು. ಒಳಗಿನ ಗ್ರೀಸ್ ಭಾರೀ ಒತ್ತಡದಲ್ಲಿರುತ್ತದೆ, ವಾಲ್ವ್ ಹಾರಿದರೆ ಗುಂಡಿನಂತೆ ಬರುತ್ತದೆ. ಬೆಳಿಗ್ಗೆ ಹೊಂದಿಸಿದ್ದು ಸಂಜೆಗೆ ಸಡಿಲವಾದರೆ ಅಡ್ಜಸ್ಟರ್ ಪಿಸ್ಟನ್ನಿನ ಸೀಲ್ ಹೋಗಿದೆ. ಅದನ್ನು ಇಲ್ಲೇ ಬದಲಿಸಿ.

ಪ್ಲೇಟ್ ಅಗಲವಾದಷ್ಟೂ ಒಳ್ಳೆಯದು ಎಂಬ ನಂಬಿಕೆ ಮರದ ಕೆಲಸಕ್ಕೆ ಒಗ್ಗುವುದಿಲ್ಲ. ಬುಡ, ಬಂಡೆ ಹತ್ತಿಳಿಯುವಾಗ ಅಗಲದ ಪ್ಲೇಟಿನ ಹೊರತುದಿಗೆ ಭಾರ ಬಿದ್ದು ಬಾಗುತ್ತದೆ, ಬೋಲ್ಟ್ ಸಡಿಲವಾಗುತ್ತದೆ, ಪಿನ್ ತಿರುಚುತ್ತದೆ. ನೆಲದಲ್ಲಿ ಹೂಳದಷ್ಟು ಅಗಲ ಸಾಕು. ಕೊಳ್ಳುವುದಾದರೆ ನಡುವೆ ತೂತಿರುವ ಪ್ಲೇಟ್ ಕೊಳ್ಳಿ, ಸ್ಪ್ರಾಕೆಟ್ ಹಲ್ಲು ಕೆಸರನ್ನು ಆ ತೂತಿನಿಂದ ಹೊರಗೆ ತಳ್ಳುತ್ತದೆ. ಬೋಲ್ಟ್ ಬಿಗಿಯುವಾಗ ಪ್ಲೇಟು, ಕೊಂಡಿ ಕೂಡುವ ಜಾಗದ ಪೇಂಟ್, ತುಕ್ಕು, ಮಣ್ಣನ್ನು ವೈರ್ ಬ್ರಷ್ಷಿನಿಂದ ಉಜ್ಜಿ, ಮ್ಯಾನ್ಯುಯಲ್ ಹೇಳಿದ ಟಾರ್ಕಿಗೆ (ತಿರುಗಿಸುವ ಬಲಕ್ಕೆ) ತಂದು, ಅಲ್ಲಿಂದ ಮೂರನೇ ಒಂದು ಸುತ್ತು, ಅಂದರೆ 120 ಡಿಗ್ರಿ ಇನ್ನೂ ತಿರುಗಿಸಬೇಕು. ಪೈಪ್ ಹಾಕಿ ಹಾರಿ ಬಿಗಿದರೆ ಲೆಕ್ಕಕ್ಕೆ ಸಿಗುವುದಿಲ್ಲ.

ಆಪರೇಟರ್‌ಗೆ ಒಂದು ಮಾತು: ದಿಮ್ಮಿ ತರಲು ಖಾಲಿ ಹೋಗುವಾಗ ರಿವರ್ಸಿನಲ್ಲಿ ಮೇಲಿನ ಗೇರ್ ಹಾಕಿ ಓಡಿಸುವುದು ಬೇಡ. ರಿವರ್ಸಿನಲ್ಲಿ ಬುಷ್ ಹಲ್ಲಿನ ಮೇಲೆ ಭಾರ ಹೊತ್ತೇ ಹೊರಳುತ್ತದೆ, ಸವೆತ ಮುಂದಕ್ಕೆ ಓಡಿಸುವುದಕ್ಕಿಂತ ಹೆಚ್ಚು. ಜಾಗವಿದ್ದರೆ ತಿರುಗಿಸಿಕೊಂಡೇ ಹೋಗಿ. ತಿರುವುಗಳನ್ನೂ ಎಡಕ್ಕೆ ಬಲಕ್ಕೆ ಹಂಚಿ.

ಫೈನಲ್ ಡ್ರೈವಿನ ತೇಲುವ ಸೀಲ್

ಸ್ಪ್ರಾಕೆಟ್ ಹಬ್ಬಿನ ಹಿಂದೆ ಬೆರಳು ತೂರುವಷ್ಟು ಸಂದಿ ಇರುತ್ತದೆ. ಅದರೊಳಗೆ ಫ್ಲೋಟಿಂಗ್ ಸೀಲ್: ಕನ್ನಡಿಯಂತೆ ನುಣುಪು ಮಾಡಿದ ಎರಡು ಲೋಹದ ಬಳೆ, ಅವನ್ನು ಒಂದಕ್ಕೊಂದು ಒತ್ತಿಹಿಡಿಯುವ ಎರಡು ರಬ್ಬರ್ ಬಳೆ. ಕಾಡಿನಲ್ಲಿ ಬಳ್ಳಿ, ಎಸ್ಟೇಟಿನ ಬೇಲಿಯ ತಂತಿ, ತೆಳು ಬೇರು ಈ ಸಂದಿಗೆ ಸಿಕ್ಕಿ ಸುತ್ತಿಕೊಳ್ಳುತ್ತವೆ. ಸುತ್ತು ದಪ್ಪವಾದಂತೆ ರಬ್ಬರನ್ನು ಅದರ ಜಾಗದಿಂದ ತಳ್ಳುತ್ತದೆ. ಲೋಹದ ಬಳೆ ಒಂದು ಕೂದಲೆಳೆ ಬೇರೆಯಾದರೆ ಸಾಕು, ಆಯಿಲ್ ಹೊರಗೆ, ಮಣ್ಣು ಒಳಗೆ. ಹೊರಗೆ ಕಾಣುವುದು ಸ್ಪ್ರಾಕೆಟ್ ಕೆಳಗಿನ ಕೆಸರು ಕಪ್ಪಗೆ ಜಿಡ್ಡಾಗಿರುವುದಷ್ಟೇ. ಆಪರೇಟರ್ ಅದನ್ನು ಒದ್ದೆ ಮಣ್ಣೆಂದು ಬಿಟ್ಟರೆ ಕೆಲವೇ ದಿನದಲ್ಲಿ ಬೇರಿಂಗ್, ಗೇರ್ ಹೋಗುತ್ತವೆ.

ಯಾರ್ಡಿನಲ್ಲೇ ಎರಡೂ ಕಡೆ ಹಬ್ ಹಿಂದೆ ಕೊಕ್ಕೆ ಹಾಕಿ ಸುತ್ತಿಕೊಂಡದ್ದನ್ನೆಲ್ಲ ಕಿತ್ತು, ತೊಳೆದು, ಒರೆಸಿ, ಒಂದು ಗಂಟೆ ಓಡಿಸಿ ಮತ್ತೆ ನೋಡಿ. ಮ್ಯಾಗ್ನೆಟ್ ಡ್ರೈನ್ ಪ್ಲಗ್ ಬಿಚ್ಚಿ: ಬೂದು ಬಣ್ಣದ ನುಣ್ಣನೆ ಪೇಸ್ಟ್ ಸಹಜ, ಉಗುರಿಗೆ ಸಿಗುವ ಚೂರು ಬಂದರೆ ಗೇರೋ ಬೇರಿಂಗೋ ಒಡೆಯುತ್ತಿದೆ. ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಹೋಗಿದೆ.

ಸೀಲ್ ಹಾಕುವಾಗ ಆಗುವ ತಪ್ಪು ಒಂದೇ ಬಗೆಯದು. ರಬ್ಬರ್ ಸುಲಭವಾಗಿ ಜಾರಲಿ ಎಂದು ಗ್ರೀಸ್ ಸವರುತ್ತಾರೆ. ಸವರಬಾರದು. ರಬ್ಬರೂ ಅದು ಕೂರುವ ಜಾಗವೂ ಒಣಗಿ, ಶುಚಿಯಾಗಿರಬೇಕು. ಜಾರಿದರೆ ರಬ್ಬರ್ ತಿರುಚಿಕೊಂಡು ಬಳೆ ಓರೆಯಾಗುತ್ತದೆ. ಲೋಹದ ನುಣುಪು ಮುಖಕ್ಕೆ ಮಾತ್ರ ತೆಳುವಾಗಿ ಆಯಿಲ್. ಕೂರಿಸಿದ ಮೇಲೆ ನಾಲ್ಕು ದಿಕ್ಕಿನಲ್ಲಿ ಎತ್ತರ ಅಳೆಯಿರಿ, 1 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ತೆಗೆದು ಮತ್ತೆ ಕೂರಿಸಿ. ಹೊಸ ಬಳೆಗೆ ಹಳೆ ಬಳೆ ಜೋಡಿಸುವ ಉಳಿತಾಯ ಬೇಡ, ಜೋಡಿಯಾಗಿಯೇ ಬದಲಿಸಿ.

ಹಳೆ ಯಂತ್ರಗಳಲ್ಲಿ, ಒಂದು ಕಡೆಯ ಚೈನಿಗೆ ಶಕ್ತಿ ಕಡಿದು ಯಂತ್ರ ತಿರುಗಿಸುವ ಸ್ಟಿಯರಿಂಗ್ ಕ್ಲಚ್ ಒಣ ಮಾದರಿಯದಾದರೆ ಅದರ ಕೋಣೆಯ ಕೆಳಗಿನ ಪ್ಲಗ್ ಬಿಚ್ಚಿ ನೋಡಿ. ಆಯಿಲ್ ಸುರಿದರೆ ಬೆವೆಲ್ ಗೇರಿನ ಕಡೆಯಿಂದ ಸೋರಿ ಕ್ಲಚ್ ಪ್ಲೇಟ್ ನೆನೆದಿದೆ. ಅಂಥ ಯಂತ್ರ ಸಮನೆಲದಲ್ಲಿ ಹೇಗೋ ತಿರುಗುತ್ತದೆ, ದಿಮ್ಮಿ ಎಳೆದುಕೊಂಡು ಇಳಿಯುವಾಗ ತಿರುಗುವುದಿಲ್ಲ.

ಬಿಸಿ ಮತ್ತು ಬೆಂಕಿ

ಯಂತ್ರ ಕುದಿಯಿತು ಎಂದರೆ ಎಲ್ಲರೂ ಥರ್ಮೋಸ್ಟಾಟ್ ಕಿತ್ತೆಸೆಯುತ್ತಾರೆ. ಕಾರಣ ಸಾಮಾನ್ಯವಾಗಿ ರೇಡಿಯೇಟರಿನ ನಡುಪದರದಲ್ಲಿ ಸಿಕ್ಕ ಎಲೆಚೂರು, ತೊಗಟೆಪುಡಿ. ಹೊರಗಿನಿಂದ ನೋಡಿದರೆ ಶುಚಿಯಾಗಿಯೇ ಕಾಣುತ್ತದೆ, ಹಿಂದಿನಿಂದ ಟಾರ್ಚ್ ಬಿಟ್ಟರೆ ಬೆಳಕು ತೂರುವುದಿಲ್ಲ. ಫ್ಯಾನ್ ಗಾಳಿಯನ್ನು ಯಾವ ಕಡೆಗೆ ದೂಡುತ್ತದೆ ಎಂದು ಮೊದಲು ತಿಳಿಯಿರಿ: ಜಾಲಿಗೆ ಹಾಳೆ ಹಿಡಿದಾಗ ಅಂಟಿಕೊಂಡರೆ ಅಲ್ಲಿಂದ ಎಳೆಯುತ್ತಿದೆ, ಹಾರಿದರೆ ಅಲ್ಲಿಗೆ ದೂಡುತ್ತಿದೆ. ಶುಚಿ ಮಾಡುವಾಗ ಎಂಜಿನ್ ಬಂದ್ ಮಾಡಿ, ಕಂಪ್ರೆಸರ್ ಗಾಳಿಯನ್ನು ಅದರ ಎದುರು ದಿಕ್ಕಿನಿಂದ, ಸುಮಾರು 30 ಪಿಎಸ್ಐ ಮೀರದಂತೆ, ಫಿನ್ನಿಗೆ ನೇರವಾಗಿ ಹಿಡಿಯಿರಿ. ಕಾರ್ ವಾಶಿನ ಪ್ರೆಶರ್ ನೀರನ್ನು ಹತ್ತಿರದಿಂದ ಓರೆಯಾಗಿ ಹೊಡೆದರೆ ಫಿನ್ ಮಡಚಿ ದಾರಿಯೇ ಮುಚ್ಚುತ್ತದೆ.

ಬೋರ್‌ವೆಲ್ ನೀರನ್ನು ರೇಡಿಯೇಟರಿಗೆ ಹಾಕಬೇಡಿ. ಬೆಂಗಳೂರು ಸುತ್ತಲಿನ ಗಡಸು ನೀರು ಬಕೆಟ್ಟಿನಲ್ಲಿ ಬಿಡುವ ಬಿಳಿ ಪದರವನ್ನೇ ಎಂಜಿನ್ ಸಿಲಿಂಡರಿನ ಒಳಕೊಳವೆಯಾದ ಲೈನರಿನ ಸುತ್ತಲೂ ಬಿಡುತ್ತದೆ. ಖನಿಜ ತೆಗೆದ ನೀರು ಅರ್ಧ, ಕೂಲಂಟ್ ಅರ್ಧ. ಇಲ್ಲಿ ನೀರು ಹೆಪ್ಪುಗಟ್ಟುವುದಿಲ್ಲವಲ್ಲ, ಕೂಲಂಟ್ ಯಾಕೆ ಎಂದು ಕೇಳುವವರಿದ್ದಾರೆ. ಕುದಿಯುವ ಮಟ್ಟ ಏರಿಸಲು, ತುಕ್ಕು ತಡೆಯಲು, ಲೈನರಿನ ನೀರಿನ ಬದಿಯಲ್ಲಿ ಸೂಜಿ ಚುಚ್ಚಿದಂತೆ ಗುಳಿ ಬೀಳದಿರಲು.

ಬೆಂಕಿಯ ವಿಷಯದಲ್ಲಿ ರಿಯಾಯಿತಿ ಇಲ್ಲ. ಹೊಟ್ಟೆಯ ಕೆಳಗಿನ ಗಾರ್ಡ್ ಪ್ಲೇಟಿನ ಮೇಲೆ ಒಣ ಎಲೆ, ಅದರ ಮೇಲೆ ತೊಟ್ಟಿಕ್ಕಿದ ಡೀಸೆಲ್, ಪಕ್ಕದಲ್ಲೇ ಕೆಂಪಗೆ ಕಾದ ಟರ್ಬೊ. ಫೆಬ್ರವರಿ, ಮಾರ್ಚಿನಲ್ಲಿ ಇಷ್ಟು ಸಾಕು. ದಿನಕ್ಕೊಮ್ಮೆ ಗಾರ್ಡಿನ ಬಾಗಿಲು ತೆರೆದು ಕಸ ಎಳೆಯಬೇಕು, ಮಧ್ಯಾಹ್ನ ಊಟದ ಹೊತ್ತಿಗೆ ಎಕ್ಸಾಸ್ಟ್ ಸುತ್ತಲೂ ಒಮ್ಮೆ. ಗಾರ್ಡಿಗೆ ಬಾಗಿಲೇ ಇಲ್ಲದಿದ್ದರೆ ಪೀಣ್ಯದಲ್ಲಿ ಕತ್ತರಿಸಿ ಕೀಲು ಹಾಕಿಸಿ, ಇಲ್ಲವಾದರೆ ಯಾರೂ ಬಿಚ್ಚುವುದಿಲ್ಲ. ಸಂಜೆ 3ರಿಂದ 5 ನಿಮಿಷ ಐಡ್ಲಿನಲ್ಲಿ ಬಿಟ್ಟು ಟರ್ಬೊ ತಣಿದ ಮೇಲೆ ಬಂದ್ ಮಾಡಿ, ಬ್ಯಾಟರಿ ಐಸೊಲೇಟರ್ ತೆಗೆದು, ಅರ್ಧ ಗಂಟೆ ಯಾರಾದರೂ ಹತ್ತಿರ ಇರಲಿ. ಕಸ ಹೊತ್ತಿಕೊಳ್ಳುವುದು ಹೆಚ್ಚಾಗಿ ಯಂತ್ರ ನಿಂತ ಮೇಲೆ. ಒಣ ಪುಡಿಯ ಅಗ್ನಿಶಾಮಕ ಸಿಲಿಂಡರ್ ಎರಡು ಇರಲಿ, ಒಂದು ನೆಲದಿಂದಲೇ ಕೈಗೆ ಸಿಗುವಂತೆ.

ಗಾಳಿ, ಡೀಸೆಲ್, ಆಯಿಲ್

ಏರ್ ಫಿಲ್ಟರನ್ನು ಟೈರಿಗೆ ಬಡಿದು ಧೂಳು ಉದುರಿಸುವುದನ್ನು ನಿಲ್ಲಿಸಿ, ಕಾಗದದ ಮಡಿಕೆ ಹರಿಯುತ್ತದೆ. ಒಳಗಿನಿಂದ ಹೊರಕ್ಕೆ ಮೆಲ್ಲನೆ ಗಾಳಿ ಹಿಡಿದು, ಒಳಗೆ ಬಲ್ಬ್ ಇಟ್ಟು ತೂತು ನೋಡಿ. ಒಳಗಿನ ಸಣ್ಣ ಫಿಲ್ಟರನ್ನು ಶುಚಿ ಮಾಡುವಂತಿಲ್ಲ, ಬದಲಿಸುವುದೇ.

ಸೈಟಿನಲ್ಲಿ ಡೀಸೆಲ್ ಬರುವುದು 200 ಲೀಟರ್ ಡ್ರಮ್ಮಿನಲ್ಲಿ. ಇಳಿಸಿದ ಕೂಡಲೇ ಟ್ಯಾಂಕಿಗೆ ಹಾಕದೆ ಒಂದು ದಿನ ಬಿಟ್ಟು, ತಳದ ನಾಲ್ಕು ಬೆರಳು ಬಿಟ್ಟು ಎಳೆಯಿರಿ. ಟ್ಯಾಂಕನ್ನು ಸಂಜೆಯೇ ತುಂಬಿಸಿ. ಮಲೆನಾಡಿನ ರಾತ್ರಿಯ ತಂಪಿಗೆ ಖಾಲಿ ಟ್ಯಾಂಕಿನ ಗೋಡೆ ಬೆವರುತ್ತದೆ. ಬೆಳಿಗ್ಗೆ, ಡೀಸೆಲಿನಿಂದ ನೀರು ಬೇರ್ಪಡಿಸುವ ಸೆಪರೇಟರಿನ ನೀರು ಬಿಡಿ.

ಎಂಜಿನ್ ಆಯಿಲ್ 250 ಗಂಟೆಗೆ. ಕಾಡಿಗೆ ಕಳಿಸುವ ಮೊದಲು ಒಮ್ಮೆ ಆಯಿಲ್ ಸ್ಯಾಂಪಲ್ ಲ್ಯಾಬಿಗೆ ಕೊಡಿ, ಒಂದು ಹೋಸ್‌ನ ಬೆಲೆಗೆ ಎಂಜಿನ್ನಿನ ಜಾತಕ ಸಿಗುತ್ತದೆ. ಎಂಜಿನ್ ಬಿಸಿ ಇರುವಾಗ, ಡ್ರೈನ್ ಆಗುವ ನಡುವಿನಲ್ಲಿ ಹಿಡಿದದ್ದೇ ಸರಿಯಾದ ಸ್ಯಾಂಪಲ್. ಸಿಲಿಕಾನ್ ಜಾಸ್ತಿ ಇದ್ದರೆ ಧೂಳು ಹೋಗುತ್ತಿದೆ, ಏರ್ ಫಿಲ್ಟರ್‌ನಿಂದ ಟರ್ಬೊವರೆಗಿನ ರಬ್ಬರ್ ಪೈಪ್, ಕ್ಲಾಂಪ್ ನೋಡಿ. ಸೋಡಿಯಂ ಇದ್ದರೆ ಕೂಲಂಟ್ ಸೋರಿ ಬರುತ್ತಿದೆ. ತಾಮ್ರ, ಸೀಸ ಏರಿದ್ದರೆ ಬೇರಿಂಗ್. ಆಗ ಓವರ್‌ಹಾಲಿಗೆ ಹಾಕುವ ದುಡ್ಡಿಗೆ ಒಂದು ಅರ್ಥವಿದೆ.

ವಿಂಚ್ ಮತ್ತು ವೈರ್ ರೋಪ್

ದಿಮ್ಮಿ ಎಳೆಯುವ ಡ್ರಮ್ಮಿನ (ವಿಂಚಿನ) ರೋಪನ್ನು ಪೂರ್ತಿ ಬಿಚ್ಚಿ ಹಾಸಿ, ತೊಗಲಿನ ಕೈಗವಸು ಹಾಕಿ, ಬಟ್ಟೆ ಹಿಡಿದು ಎಳೆಯಿರಿ. ಎಲ್ಲಿ ಬಟ್ಟೆ ಸಿಕ್ಕಿತೋ ಅಲ್ಲಿ ಎಳೆ ತುಂಡಾಗಿದೆ. ದಪ್ಪ ಮೂಲ ಅಳತೆಗಿಂತ ಹತ್ತರಲ್ಲೊಂದು ಪಾಲು ಕಡಿಮೆಯಾಗಿದ್ದರೆ, ಗಂಟು ಬಿದ್ದು ಬಿಡಿಸಿದ ಗುರುತಿದ್ದರೆ, ಒಂದೇ ಜಾಗದಲ್ಲಿ ಹಲವು ಎಳೆ ಹರಿದಿದ್ದರೆ ಆ ರೋಪ್ ಗುಜರಿಗೆ. ಮರದ ಕೆಲಸಕ್ಕೆ ನಡುವೆ ನಾರಿನ ಬದಲು ಉಕ್ಕಿನ ಎಳೆಯಿರುವ ರೋಪ್ ಕೇಳಿ ಪಡೆಯಿರಿ, ಡ್ರಮ್ಮಿನ ಮೇಲೆ ಪದರದಡಿ ಸಿಕ್ಕು ಚಪ್ಪಟೆಯಾಗುವುದು ಕಡಿಮೆ.

ತುದಿಗೆ ಬುಲ್‌ಡಾಗ್ ಕ್ಲಿಪ್ ಹಾಕುವಾಗ ತಟ್ಟೆಯ ಭಾಗ ಭಾರ ಹೊರುವ ರೋಪಿನ ಮೇಲೆ, ಯು ಆಕಾರದ ಬೋಲ್ಟ್ ಮಡಚಿ ಬಂದ ತುದಿಯ ಮೇಲೆ. ಒಂದು ಹೀಗೆ ಒಂದು ಹಾಗೆ ಹಾಕುವ ಅಭ್ಯಾಸ ಅಪಾಯಕಾರಿ: ಯು ಬೋಲ್ಟ್ ಭಾರದ ಎಳೆಯನ್ನು ಜಜ್ಜುತ್ತದೆ. 16 ಮಿ.ಮೀ. ರೋಪಿಗೆ 3, 19ರಿಂದ 22ಕ್ಕೆ 4, 25ಕ್ಕೆ 5 ಕ್ಲಿಪ್, ನಡುವಿನ ಅಂತರ ರೋಪಿನ ದಪ್ಪದ ಆರು ಪಟ್ಟು. ಮೊದಲ ದಿಮ್ಮಿ ಎಳೆದ ಮೇಲೆ ಮತ್ತೊಮ್ಮೆ ಬಿಗಿಯಿರಿ, ಭಾರಕ್ಕೆ ರೋಪ್ ಸಣ್ಣಗಾಗಿ ಕ್ಲಿಪ್ ಸಡಿಲಿಸಿರುತ್ತದೆ. ಡ್ರಮ್ಮಿನಲ್ಲಿ ಕನಿಷ್ಠ ಐದು ಸುತ್ತು ಯಾವಾಗಲೂ ಉಳಿದಿರಲಿ. ಬಿಗಿದ ರೋಪ್ ಕಪ್ಪಿಯ ಮೂಲಕ ತಿರುಗುವಲ್ಲಿ, ಆ ಮಡಿಕೆಯ ಒಳಬದಿಯಲ್ಲಿ, ಯಾರೂ ನಿಲ್ಲಬಾರದು.

ಸ್ಕಿಡ್ಡರ್, ಇಲ್ಲವೇ ಸ್ಕಿಡ್ಡರ್ ಕೆಲಸ ಮಾಡುವ ಟ್ರ್ಯಾಕ್ಟರ್

ದಿಮ್ಮಿ ಎಳೆಯಲೆಂದೇ ಮಾಡಿದ, ನಡುವಿನ ಕೀಲಿನಲ್ಲಿ ಮಡಚಿ ತಿರುಗುವ ಟೈರಿನ ಯಂತ್ರ, ಅಂದರೆ ನಿಜವಾದ ಸ್ಕಿಡ್ಡರ್, ಇಲ್ಲಿ ಅಪರೂಪ. ಇದ್ದವರು ನೋಡಬೇಕಾದ್ದು ನಡುಕೀಲು. ಟೈರಿಗೆ ತಡೆ ಕೊಟ್ಟು, ಬ್ಲೇಡ್ ನೆಲಕ್ಕೊತ್ತಿ ಮುಂದಿನ ಟೈರ್ ಸ್ವಲ್ಪ ಎತ್ತಿ ಇಳಿಸುತ್ತ, ಮೇಲಿನ ಕೆಳಗಿನ ಪಿನ್ನಿನ ಆಟವನ್ನು ಡಯಲ್ ಗೇಜ್ ಅಥವಾ ಫೋನಿನ ಕ್ಯಾಮೆರಾ ಕಟ್ಟಿ ನೋಡಿ. ನಡುವೆ ತಲೆ ಹಾಕಬೇಡಿ, ಅಲ್ಲಿ ಸಿಕ್ಕರೆ ಉಳಿಗಾಲವಿಲ್ಲ. ಕೆಳಗೆ ನುಗ್ಗಿ ಕೆಲಸ ಮಾಡುವಾಗಲೂ ಲೋಬೆಡ್ಡಿನ ಮೇಲೂ ಲಾಕ್ ಬಾರ್ ಹಾಕಿರಬೇಕು. ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್‌ಗಳಿಗೆ ಬಳ್ಳಿ ಸುತ್ತಿಕೊಳ್ಳುವುದೂ ಇದೆ, ದಿನವೂ ನೋಡಿ, ಗ್ರೀಸ್ ಕೊಡಿ.

ಹೆಚ್ಚಿನವರ ಹತ್ತಿರ ಇರುವುದು ವಿಂಚ್ ಕಟ್ಟಿದ ಹೊಲದ ಟ್ರ್ಯಾಕ್ಟರ್. ಅದನ್ನು ಹೊಲಕ್ಕೆ ಮಾಡಿದ್ದು, ಹೊಟ್ಟೆ ಬರಿದಾಗಿದೆ. 6ರಿಂದ 8 ಮಿ.ಮೀ. ಎಂಎಸ್ (ಮೈಲ್ಡ್ ಸ್ಟೀಲ್) ಪ್ಲೇಟಿನ ಗಾರ್ಡನ್ನು, ಡ್ರೈನ್ ಪ್ಲಗ್ಗಿಗೆ ತೂತು ಬಿಟ್ಟು, ಆಯಿಲ್ ಸಂಪಿನ ಕೆಳಗೆ ಹಾಕಿಸಿ. ಟೈರಿನ ವಾಲ್ವಿಗೆ ಪೈಪ್ ತುಂಡಿನ ರಕ್ಷೆ ಬೆಸೆಯುವುದಾದರೆ ಟೈರ್ ಬಿಚ್ಚಿ ರಿಮ್ಮಿಗೆ ಬೆಸೆಯಿರಿ, ಗಾಳಿ ತುಂಬಿದ ಟೈರಿನ ರಿಮ್ಮಿಗೆ ವೆಲ್ಡಿಂಗ್ ಮಾಡಿದರೆ ಟೈರ್ ಸಿಡಿಯುತ್ತದೆ. ಎಳೆಯುವ ಬಿಂದು ಹಿಂದಿನ ಆಕ್ಸಲ್‌ಗಿಂತ ಕೆಳಗಿರಲೇಬೇಕು. ಟಾಪ್ ಲಿಂಕಿಗೆ ಸರಪಳಿ ಕಟ್ಟಿ ದಿಮ್ಮಿ ಎಳೆದರೆ, ದಿಮ್ಮಿ ಬುಡಕ್ಕೆ ಸಿಕ್ಕ ಕ್ಷಣದಲ್ಲೇ ಟ್ರ್ಯಾಕ್ಟರ್ ಹಿಂದಕ್ಕೆ ಮಗುಚುತ್ತದೆ, ಕ್ಲಚ್ ಒತ್ತಲು ಸಮಯ ಸಿಗುವುದಿಲ್ಲ.

ಜೊತೆಗೆ ಹೋಗುವ ಪೆಟ್ಟಿಗೆ

ಪ್ರತಿ ಬಗೆಯ ಹೋಸ್ ಒಂದೊಂದು ಮಾಡಿಸಿಕೊಳ್ಳಿ. ಪೀಣ್ಯದಲ್ಲಿ ಕ್ರಿಂಪ್ ಮಾಡಿಸುವಾಗ ಹಳೆ ಹೋಸನ್ನೇ ಕೈಯಲ್ಲಿ ಹಿಡಿದು ಹೋಗಿ. ಕೊಮಾಟ್ಸು ಮಾದರಿಯ ಫಿಟ್ಟಿಂಗಿನ ಶಂಕು 30 ಡಿಗ್ರಿ, ಜೆಐಸಿ ಎಂಬ ಅಮೆರಿಕನ್ ಮಾನದಂಡದ್ದು 37. ಸ್ಕ್ರೂ ಎಳೆ ಹೇಗೋ ಕೂತಂತೆ ಕಂಡರೂ ಸೀಟು ಕೂರುವುದಿಲ್ಲ, ಎಷ್ಟು ಬಿಗಿದರೂ ಸೋರುತ್ತದೆ. ಸೋರುವ ಜಾಗವನ್ನು ಕೈಯಲ್ಲಿ ತಡಕಬಾರದು, ರಟ್ಟು ಹಿಡಿದು ನೋಡಬೇಕು. ಸೂಜಿ ತೂತಿನಿಂದ ಬರುವ ಆಯಿಲ್ ಚರ್ಮದೊಳಗೆ ನುಗ್ಗುತ್ತದೆ, ಹಾಗಾದರೆ ನೋವಿಲ್ಲದಿದ್ದರೂ ತಕ್ಷಣ ಆಸ್ಪತ್ರೆಗೆ.

ಹೋಸ್ ಜೊತೆಗೆ ಒಂದು ಜೊತೆ ಫ್ಲೋಟಿಂಗ್ ಸೀಲ್, ಮಾಸ್ಟರ್ ಪಿನ್ ಅಥವಾ ಮಾಸ್ಟರ್ ಲಿಂಕ್ ಬೋಲ್ಟ್, ಹತ್ತಿಪ್ಪತ್ತು ಪ್ಲೇಟ್ ಬೋಲ್ಟು-ನಟ್ಟು, ಫ್ಯಾನ್ ಬೆಲ್ಟ್, ಎಲ್ಲ ಫಿಲ್ಟರ್ ಎರಡೆರಡು, ಫೈನಲ್ ಡ್ರೈವ್ ಆಯಿಲ್ 20 ಲೀಟರ್, ಕ್ಲಿಪ್ಪುಗಳು, ಡಿ ಶ್ಯಾಕಲ್. ಚೈನ್ ಕಳಚಿದರೆ ಎತ್ತಲು 20 ಟನ್ ಬಾಟಲ್ ಜಾಕ್ ಎರಡು, ಅವುಗಳಡಿ ಇಡಲು ಗಟ್ಟಿ ಮರದ ಹಲಗೆ, ಕನಿಷ್ಠ ಎರಡಡಿ ಅಗಲದ್ದು. ಹಲಗೆಯನ್ನು ಅಲ್ಲೇ ಸಿಗುತ್ತದೆ ಬಿಡು ಎಂದು ಬಿಟ್ಟುಹೋಗಬೇಡಿ. ಕಾಡಿನಲ್ಲಿ ದಿಮ್ಮಿ ಸಾವಿರ ಇರುತ್ತದೆ, ಕುಯ್ದ ಹಲಗೆ ಒಂದೂ ಇರುವುದಿಲ್ಲ.